ಕೊಟ್ಟ ಕುರ್ಚಿಯಲ್ಲಿ ಕೂತು ಕಾನೂನು ಬರೆದಾಕೆ

ಚುನಾವಣೆಯಲ್ಲಿ ಗೆದ್ದು ಬಂದವರಿಗಿರುವ ಬೆಲೆ ನಾಮಕರಣಗೊಂಡು ಸದನ ಸೇರಿದವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಯಾರದೋ ಕೃಪೆಯಿಂದ ಬಂದವರು, ಕೈಯೆತ್ತುವುದಕ್ಕಷ್ಟೇ ಇರುವವರು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಕಾರಣಗಳೂ ಬೇಕಾದಷ್ಟಿವೆ. ಆದರೆ ಬ್ರಿಟಿಷ್ ಭಾರತದ ಶಾಸನಸಭೆಗಳ ಇತಿಹಾಸದಲ್ಲಿ ಮಹಿಳೆಯ ಅಧ್ಯಾಯ ತೆರೆದುಕೊಳ್ಳುವುದೇ ಇಂಥ ಒಂದು ನಾಮಕರಣದಿಂದ. 1927ರಲ್ಲಿ ಮದ್ರಾಸ್ ಶಾಸನಸಭೆಯನ್ನು ಪ್ರವೇಶಿಸಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಒಂದು ಮತವನ್ನೂ ಕೇಳಿ ಬಂದವರಲ್ಲ. ಸರ್ಕಾರ ಕರೆದು ಕೊಟ್ಟ ಕುರ್ಚಿ ಅದು. ಆ ಕುರ್ಚಿಯಲ್ಲಿ ಅವರು ಕೂತದ್ದು ಮೂರೂವರೆ ವರ್ಷ ಮಾತ್ರ. ಅಷ್ಟರಲ್ಲಿ ಅವರು ಮಾಡಿದ್ದೇನು, ಮಾಡಲಾಗದೇ ಉಳಿದದ್ದೇನು ಎಂಬುದನ್ನು ಮತ್ತೆ ನೋಡುವುದು ಇಂದಿಗೂ ಉಪಯುಕ್ತವೆಂದು ನಾನು ಭಾವಿಸಿದ್ದೇನೆ.

ಅವರು ಹುಟ್ಟಿದ್ದು 1886ರ ಜುಲೈ 30ರಂದು, ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರು, ಬ್ರಾಹ್ಮಣರು. ತಾಯಿ ಚಂದ್ರಮ್ಮಾಳ್ ದೇವದಾಸಿ ಪರಂಪರೆಯ ಕುಟುಂಬದಿಂದ ಬಂದವರು. ಈ ಸಂಬಂಧಕ್ಕಾಗಿ ತಂದೆಯ ಮನೆಯವರು ಅವರನ್ನು ದೂರವಿಟ್ಟರು. ಹೀಗೆ ಎರಡು ಲೋಕಗಳ ನಡುವೆ, ಎರಡಕ್ಕೂ ಪೂರ್ತಿಯಾಗಿ ಸೇರದ ಮನೆಯಲ್ಲಿ ಹುಡುಗಿ ಬೆಳೆದಳು. ಮೈನೆರೆದ ಹೆಣ್ಣು ಶಾಲೆಯ ಮೆಟ್ಟಿಲು ಹತ್ತಬಾರದೆಂಬ ಕಾಲ ಅದು. ಮುತ್ತುಲಕ್ಷ್ಮಿ ಮನೆಯಲ್ಲೇ ಓದಿ ಮೆಟ್ರಿಕ್ಯುಲೇಶನ್ ಪರೀಕ್ಷೆ ಪಾಸು ಮಾಡಿದರು. ಮುಂದೆ ಓದಲು ಊರಿನಲ್ಲಿದ್ದದ್ದು ಗಂಡುಹುಡುಗರ ಕಾಲೇಜೊಂದೇ. ಹುಡುಗಿಯೊಬ್ಬಳು ತರಗತಿಗೆ ಬಂದರೆ ಹುಡುಗರ ಶಿಸ್ತು ಕೆಡುತ್ತದೆಂದು ಪೋಷಕರು ಆಕ್ಷೇಪಿಸಿದರು. ಆಕೆಯ ತಾಯಿಯ ಹಿನ್ನೆಲೆಯನ್ನೂ ಎತ್ತಿ ಆಡಿದವರಿದ್ದರು. ಕೊನೆಗೆ ಮಹಾರಾಜ ಮಾರ್ತಾಂಡ ಭೈರವ ತೊಂಡೈಮಾನ್ ಮಧ್ಯೆ ಪ್ರವೇಶಿಸಿ ಆಕೆಗೆ ಪ್ರವೇಶ ಕೊಡಿಸಬೇಕಾಯಿತು.

1907ರಲ್ಲಿ ಅವರು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. 1912ರಲ್ಲಿ ಪದಕಗಳೊಂದಿಗೆ ಪದವಿ ಪಡೆದು, ಮದ್ರಾಸಿನ ಎಗ್ಮೋರಿನಲ್ಲಿದ್ದ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು. ತನ್ನನ್ನು ಸರಿಸಮಾನಳೆಂದು ಕಾಣಬೇಕು, ತನ್ನ ಕೆಲಸಕ್ಕೆ ಅಡ್ಡಿಯಾಗಬಾರದು ಎಂಬ ಷರತ್ತನ್ನು ವರನ ಮುಂದಿಟ್ಟು ಒಪ್ಪಿಗೆ ಪಡೆದ ಮೇಲೆ ನಡೆದ ಮದುವೆ ಅದು. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆ ಬಗ್ಗಿಸಿ ಕೂರುವುದೇ ಕನ್ಯೆಯ ಲಕ್ಷಣವೆಂದಿದ್ದ ದಿನಗಳಲ್ಲಿ ಈ ಷರತ್ತಿನ ತೂಕ ಎಷ್ಟೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿಂದ ಅವರು ರಾಜಕೀಯಕ್ಕೆ ಬಂದದ್ದು ಮಹತ್ವಾಕಾಂಕ್ಷೆಯಿಂದಲ್ಲ. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್, ಡೊರೊಥಿ ಜಿನರಾಜದಾಸ, ಆನಿ ಬೆಸೆಂಟ್ ಮುಂತಾದವರು ಭಾರತೀಯ ಮಹಿಳಾ ಸಂಘವನ್ನು ಕಟ್ಟಿದ್ದರು. ಮತದಾನದ ಹಕ್ಕು ಅದರ ಮುಖ್ಯ ಬೇಡಿಕೆಗಳಲ್ಲೊಂದು. 1921ರಲ್ಲಿ ಮದ್ರಾಸ್ ಪ್ರಾಂತ್ಯ ಮಹಿಳೆಯರಿಗೆ ಮತ ಹಾಕುವ ಹಕ್ಕು ಕೊಟ್ಟಿತು. ಆಸ್ತಿಯ ಅರ್ಹತೆಯಿದ್ದ ಕೆಲವರಿಗಷ್ಟೇ ಅದು ದೊರೆತದ್ದು. 1926ರ ಹೊತ್ತಿಗೆ ಚುನಾವಣೆಗೆ ನಿಲ್ಲುವ ಹಕ್ಕೂ ಬಂತು. ಆ ವರ್ಷ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಇಪ್ಪತ್ತಮೂರು ವರ್ಷದ ಆ ಯುವತಿ ಅಲ್ಪ ಮತಗಳ ಅಂತರದಿಂದ ಸೋತರು. ಮತದ ಪೆಟ್ಟಿಗೆಯ ದಾರಿ ಹೀಗೆ ಕೂದಲೆಳೆಯಲ್ಲಿ ತಪ್ಪಿದ್ದರಿಂದ ನಾಮಕರಣದ ದಾರಿಯೊಂದೇ ಉಳಿಯಿತು. ಮಹಿಳಾ ಸಂಘ ಮುತ್ತುಲಕ್ಷ್ಮಿಯವರ ಹೆಸರನ್ನು ಮುಂದಿಟ್ಟಿತು, ಸರ್ಕಾರ ಒಪ್ಪಿತು.

ಆ ಹೊತ್ತಿಗೆ ಅವರು ಇಂಗ್ಲೆಂಡಿನಲ್ಲಿ ಹೆಚ್ಚಿನ ವೈದ್ಯಕೀಯ ತರಬೇತಿ ಪಡೆದು, 1926ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಮತಾಧಿಕಾರ ಸಮ್ಮೇಳನದಲ್ಲಿ ಭಾಗವಹಿಸಿ ಮರಳಿದ್ದರು. ಸದನದ ಕೆಲಸದಿಂದ ತಮ್ಮ ವೈದ್ಯಕೀಯ ವೃತ್ತಿಗೆ ತೊಂದರೆಯಾದೀತೆಂದು ಮೊದಲು ಹಿಂಜರಿದದ್ದೂ ಉಂಟು. ಒಪ್ಪಿಕೊಂಡು ಒಳಗೆ ಬಂದ ಮೇಲೆ ಸದಸ್ಯರು ಅವರನ್ನು ಸರ್ವಾನುಮತದಿಂದ ಸಭೆಯ ಉಪಾಧ್ಯಕ್ಷೆಯಾಗಿ ಆರಿಸಿದರು. ಬ್ರಿಟಿಷ್ ಭಾರತದ ಮೊದಲ ಶಾಸಕಿಯಾದ ಅವರು ಅದರೊಂದಿಗೆ ಸಭಾಪತಿಯ ಪೀಠದಲ್ಲಿ ಕೂರುವ ಅರ್ಹತೆಯನ್ನೂ ಪಡೆದರು.

ತಮ್ಮ ಶಾಸನಸಭೆಯ ಅನುಭವಗಳನ್ನು ಅವರು 1930ರಲ್ಲಿ ಒಂದು ಪುಸ್ತಕವಾಗಿ ಬರೆದಿದ್ದಾರೆ. ಅಲ್ಲಿ ನನ್ನನ್ನು ಸೆಳೆಯುವುದು ಅವರು ಎತ್ತಿಕೊಂಡ ಸಂಗತಿಗಳ ಪಟ್ಟಿ. ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ, ಬಡ ಹೆಣ್ಣುಮಕ್ಕಳಿಗೆ ಶುಲ್ಕ ವಿನಾಯಿತಿ, ಮಕ್ಕಳಿಗೆ ಪ್ರತ್ಯೇಕ ಆಸ್ಪತ್ರೆ, ಬಾಲ್ಯವಿವಾಹ, ವೇಶ್ಯಾಗೃಹಗಳ ನಿಯಂತ್ರಣ. ಸ್ವರಾಜ್ಯದ ಭಾರಿ ಮಾತುಗಳು ಮೊಳಗುತ್ತಿದ್ದ ಸದನದಲ್ಲಿ ಇವು ಸಣ್ಣ ವಿಷಯಗಳಂತೆ ಕಂಡಿರಬೇಕು. ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ವೈದ್ಯೆಗೆ ಮಾತ್ರ ಅವು ಸಣ್ಣವಾಗಿರಲಿಲ್ಲ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಬಸುರಾದ ಮೈ ಏನಾಗುತ್ತದೆ ಎಂಬುದು ವೈದ್ಯೆಯ ಪಾಲಿಗೆ ಚರ್ಚೆಯ ವಿಷಯವಾಗಿರಲು ಸಾಧ್ಯವಿಲ್ಲ, ಅದು ಕಣ್ಣೆದುರಿನ ಸತ್ಯ. ಮದುವೆಯ ಕನಿಷ್ಠ ವಯಸ್ಸು ಹೆಣ್ಣಿಗೆ 16, ಗಂಡಿಗೆ 21 ಇರಬೇಕೆಂದು ಅವರು ಸದನದಲ್ಲಿ ನಿರ್ಣಯ ತಂದರು. 1929ರಲ್ಲಿ ಬಂದ ಶಾರದಾ ಕಾಯಿದೆ ಹೆಣ್ಣಿನ ವಯಸ್ಸನ್ನು 14ಕ್ಕೆ, ಗಂಡಿನ ವಯಸ್ಸನ್ನು 18ಕ್ಕೆ ನಿಲ್ಲಿಸಿತು. ಅವರ ಬೇಡಿಕೆ ಕಾಲಕ್ಕಿಂತ ಎಷ್ಟು ಮುಂದಿತ್ತೆಂಬುದಕ್ಕೆ ಈ ಅಂತರವೇ ಅಳತೆ.

ಆದರೆ ಅವರ ಹೆಸರು ಉಳಿದದ್ದು ದೇವದಾಸಿ ಪದ್ಧತಿಯ ವಿರುದ್ಧದ ಹೋರಾಟದಿಂದ. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಆಗಲೇ ಒಂದು ಹೆಜ್ಜೆ ಮುಂದಿಟ್ಟಿತ್ತು. ಮುಜರಾಯಿ ದೇವಸ್ಥಾನಗಳಲ್ಲಿ ಗೆಜ್ಜೆಪೂಜೆ ಮುಂತಾದ ಸಮರ್ಪಣೆಯ ವಿಧಿಗಳನ್ನು ಅದು 1909ರಲ್ಲೇ ನಿಲ್ಲಿಸಿತ್ತು. ಅಲ್ಲಿ ಸರ್ಕಾರದ ಒಂದು ಆಜ್ಞೆ ಸಾಕಾಯಿತು. ಬ್ರಿಟಿಷ್ ಆಡಳಿತದ ಮದ್ರಾಸಿನಲ್ಲಿ ಹಾಗಿರಲಿಲ್ಲ. ಧರ್ಮದ ವಿಷಯದಲ್ಲಿ ಕೈಹಾಕಲು ಸರ್ಕಾರಕ್ಕೆ ಅಳುಕು. ಜೊತೆಗೆ ದೇವಾಲಯ, ಕಲೆ, ಸಂಪ್ರದಾಯಗಳ ಹೆಸರಿನಲ್ಲಿ ವಿರೋಧಿಸಲು ಸತ್ಯಮೂರ್ತಿಯವರಂಥ ಪ್ರಭಾವಿ ಕಾಂಗ್ರೆಸ್ ನಾಯಕರೇ ಇದ್ದರು.

1927ರ ನವೆಂಬರ್‌ನಲ್ಲಿ ಮುತ್ತುಲಕ್ಷ್ಮಿಯವರು ಈ ಪದ್ಧತಿಯನ್ನು ನಿಲ್ಲಿಸಬೇಕೆಂಬ ನಿರ್ಣಯವನ್ನು ಸದನದಲ್ಲಿ ಗೆಲ್ಲಿಸಿಕೊಂಡರು. ನಿರ್ಣಯದಿಂದ ಬದುಕು ಬದಲಾಗುವುದಿಲ್ಲ ಎಂಬುದನ್ನು ಅವರು ಬಲ್ಲವರು. ಹಾಗಾಗಿ ಮುಂದೆ ಅವರು ಆರಿಸಿಕೊಂಡ ದಾರಿ, ನನ್ನ ಅಭಿಪ್ರಾಯದಲ್ಲಿ, ಅವರ ರಾಜಕೀಯ ಜಾಣ್ಮೆಯ ಶಿಖರ. ದೇವದಾಸಿಯರ ಕುಟುಂಬಗಳಿಗೆ ದೇವಸ್ಥಾನದ ಇನಾಮು ಭೂಮಿ ಇರುತ್ತಿತ್ತು. ಆ ಭೂಮಿ ಸೇವೆಗೆ ಅಂಟಿಕೊಂಡದ್ದು. ಸೇವೆ ನಿಂತರೆ ಭೂಮಿ ಹೋಗುತ್ತದೆ. ಆದ್ದರಿಂದ ಪ್ರತಿ ತಲೆಮಾರಿನಲ್ಲೂ ಮನೆಯ ಒಬ್ಬ ಹುಡುಗಿಗೆ ಗೆಜ್ಜೆ ಕಟ್ಟಲೇಬೇಕು. ತಾಯಿಗೆ ಮನಸ್ಸಿಲ್ಲದಿದ್ದರೂ ಹೊಟ್ಟೆಪಾಡು ಕಟ್ಟಿಸುತ್ತದೆ. ಈ ಗಂಟನ್ನು ಗುರುತಿಸಿದ ಮುತ್ತುಲಕ್ಷ್ಮಿ, ಹಿಂದೂ ಧಾರ್ಮಿಕ ದತ್ತಿ ಕಾಯಿದೆಗೆ ಒಂದು ತಿದ್ದುಪಡಿ ತಂದರು. 1929ರಲ್ಲಿ ಅದು ಅಂಗೀಕಾರವಾಯಿತು. ಅದರ ಪ್ರಕಾರ ಭೂಮಿಗೆ ಅಂಟಿದ್ದ ಸೇವೆಯ ಷರತ್ತು ಕಳಚಿತು, ಭೂಮಿ ಅನುಭವಿಸುತ್ತಿದ್ದವಳ ಬಳಿಯೇ ಉಳಿಯಿತು. ಮಗಳನ್ನು ದೇವರಿಗೆ ಬಿಡದೆಯೂ ಒಬ್ಬ ತಾಯಿ ತನ್ನ ಹೊಲವನ್ನು ಉಳಿಸಿಕೊಳ್ಳಬಹುದಾಯಿತು.

ನೀತಿಯ ಪ್ರಶ್ನೆಯೆಂದು ಎಲ್ಲರೂ ಭಾಷಣ ಮಾಡುತ್ತಿದ್ದ ವಿಷಯದ ಬುಡದಲ್ಲಿ ಭೂಮಿಯ ಪ್ರಶ್ನೆಯಿದೆ ಎಂದು ಕಂಡುಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ರೋಗದ ಲಕ್ಷಣವನ್ನು ಬಿಟ್ಟು ಮೂಲಕ್ಕೆ ಮದ್ದು ಹುಡುಕುವ ವೈದ್ಯೆಯ ಅಭ್ಯಾಸ ಇಲ್ಲಿ ಶಾಸಕಿಯ ನೆರವಿಗೆ ಬಂತು. ಸಮರ್ಪಣೆಯನ್ನೇ ಪೂರ್ತಿಯಾಗಿ ನಿಷೇಧಿಸುವ ಮಸೂದೆಯನ್ನೂ ಅವರು ಸಿದ್ಧಪಡಿಸಿದರು. ಆದರೆ ಅದು ಮುಂದೆ ಸಾಗುವ ಮೊದಲೇ, 1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಅವರು ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರ ಕೊಟ್ಟ ಕುರ್ಚಿಯನ್ನು ಸರ್ಕಾರದ ಮುಖಕ್ಕೇ ಹಿಡಿದು ಎದ್ದು ಬಂದರು. ಆ ನಿಷೇಧ ಕಾನೂನಾಗಿ ಜಾರಿಯಾಗಲು 1947ರವರೆಗೆ ಕಾಯಬೇಕಾಯಿತು.

ಇಷ್ಟು ಹೇಳಿ ಕೈಮುಗಿದು ನಿಲ್ಲಿಸಿದರೆ ಅವರ ಬದುಕಿನ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಈ ಕತೆಯಲ್ಲಿ ಇನ್ನೊಬ್ಬ ಮಹಿಳೆಯಿದ್ದಾರೆ. ಆಕೆ ಕನ್ನಡ ನಾಡಿನವರೇ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಬೆಂಗಳೂರಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡು ಮದ್ರಾಸಿನಲ್ಲಿ ನೆಲೆಸಿದ ಸಂಗೀತ ವಿದುಷಿ ಬೆಂಗಳೂರು ನಾಗರತ್ನಮ್ಮ. ತಿರುವೈಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಸ್ವಂತ ಸಂಪಾದನೆಯಿಂದ ಗುಡಿ ಕಟ್ಟಿಸಿದವರು. ಸಂಸ್ಕೃತ, ತೆಲುಗು, ಕನ್ನಡ ಬಲ್ಲವರು. ಸ್ವತಃ ದೇವದಾಸಿ ಪರಂಪರೆಯವರು. ಮುತ್ತುಲಕ್ಷ್ಮಿಯವರ ನಿರ್ಣಯ ಸದನಕ್ಕೆ ಬಂದಾಗ ಮದ್ರಾಸಿನ ದೇವದಾಸಿಯರು ಸಂಘ ಕಟ್ಟಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಅದರ ಮುಂಚೂಣಿಯಲ್ಲಿ ನಾಗರತ್ನಮ್ಮನವರಿದ್ದರು.

ಅವರ ವಾದವನ್ನು ಗೊಡ್ಡು ಸಂಪ್ರದಾಯದ ಕೂಗೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ತಿರುಳಿತ್ತು. ದೇವದಾಸಿಯರನ್ನೆಲ್ಲ ವೇಶ್ಯೆಯರೆಂದು ಕರೆಯುವುದು ಅನ್ಯಾಯ, ತಾವು ವಿದ್ಯೆ ಮತ್ತು ಕಲೆಯನ್ನು ಕಾಪಾಡಿಕೊಂಡು ಬಂದವರು, ಕೆಲವರ ನಡತೆಗಾಗಿ ಇಡೀ ಸಮುದಾಯವನ್ನು ಶಿಕ್ಷಿಸಬಾರದು, ತಮಗೆ ಶಿಕ್ಷಣ ಕೊಡಿ ಎಂಬುದು ಅವರ ಕೋರಿಕೆಯಾಗಿತ್ತು. ಇದರ ಹಿಂದೆ ಇನ್ನೊಂದು ಸಂಗತಿಯೂ ಇತ್ತು. ಅಂದಿನ ಹಿಂದೂ ಕುಟುಂಬದ ಮಗಳಿಗೆ ಆಸ್ತಿಯ ಹಕ್ಕು ಹೆಸರಿಗಷ್ಟೇ ಇದ್ದಾಗ, ದೇವದಾಸಿ ಮನೆತನಗಳಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು, ಹೆಣ್ಣುಮಗುವನ್ನು ದತ್ತು ಪಡೆಯುವ ರೂಢಿಯಿತ್ತು. ಸಮರ್ಪಣೆ ನಿಂತರೆ ಈ ಹಕ್ಕುಗಳ ಗತಿಯೇನು ಎಂಬ ಭಯ ಸುಳ್ಳಾಗಿರಲಿಲ್ಲ. ಮುಂದೆ ಇನಾಮು ಭೂಮಿಯ ಲಾಭ ಬಹುಮಟ್ಟಿಗೆ ಆ ಸಮುದಾಯದ ಗಂಡಸರ ಪಾಲಾಯಿತೆಂದು ಕೆಲವು ಸಂಶೋಧಕರು ವಾದಿಸಿದ್ದಾರೆ. 1930ರ ದಶಕದಲ್ಲಿ ಅದೇ ನೃತ್ಯ ಭರತನಾಟ್ಯವೆಂಬ ಹೆಸರಿನಿಂದ ಮೇಲುಜಾತಿಯ ಮನೆಗಳ ಹೆಣ್ಣುಮಕ್ಕಳ ವಿದ್ಯೆಯಾಗಿ ಗೌರವದ ವೇದಿಕೆಯೇರಿತು. ಅದನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು ಪರದೆಯ ಹಿಂದೆ ಸರಿದರು.

ನಾಗರತ್ನಮ್ಮನವರು ಹೇಳಿದ್ದೆಲ್ಲ ಸರಿ ಎನ್ನುವುದು ನನ್ನ ಉದ್ದೇಶವಲ್ಲ. ಅವರಂಥ ಪ್ರಸಿದ್ಧ ಕಲಾವಿದೆಯ ಬದುಕಿಗೂ, ಹಳ್ಳಿಯ ಗುಡಿಯೊಂದಕ್ಕೆ ಬಿಡಲ್ಪಟ್ಟು ಊರ ಧಣಿಯ ಸ್ವತ್ತಾದ ಹುಡುಗಿಯ ಬದುಕಿಗೂ ಅಜಗಜಾಂತರವಿತ್ತು. ಆ ಹುಡುಗಿಗೆ ಮನವಿ ಬರೆಯಲು ಬಾರದು. ಅವಳ ಪರವಾಗಿ ಯಾರಾದರೂ ಮಾತನಾಡಲೇಬೇಕಿತ್ತು. ದೇವದಾಸಿ ಹಿನ್ನೆಲೆಯಿಂದಲೇ ಬಂದ ಮೂವಲೂರು ರಾಮಾಮೃತಂ ಅಮ್ಮೈಯಾರ್ ಈ ಪದ್ಧತಿಯ ವಿರುದ್ಧ ಊರೂರು ಸುತ್ತಿ ಹೋರಾಡಿದ್ದೂ ಅದಕ್ಕಾಗಿಯೇ. ಹೀಗಾಗಿ ಒಳಗಿನವರ ದನಿ ಒಂದೇ ಆಗಿರಲಿಲ್ಲ. ನನ್ನ ತಕರಾರು ಇಷ್ಟೇ: ಯಾರ ಬದುಕನ್ನು ಬದಲಿಸುವ ಕಾನೂನು ಸದನದಲ್ಲಿ ತಯಾರಾಗುತ್ತಿತ್ತೋ ಅವರ ಮನವಿಗೆ ಆ ಸದನ ಗಂಭೀರವಾಗಿ ಕಿವಿಗೊಡಲಿಲ್ಲ. ಮುತ್ತುಲಕ್ಷ್ಮಿಯವರೂ ಆ ಮನವಿಯಲ್ಲಿ ಸ್ವಾರ್ಥವನ್ನೇ ಹೆಚ್ಚಾಗಿ ಕಂಡರು. ಅವರ ತಾಯಿಯೇ ಆ ಪರಂಪರೆಯ ಮನೆಯವರಾಗಿದ್ದೂ ಹೀಗಾಯಿತಲ್ಲ ಎಂದು ಆಶ್ಚರ್ಯವಾಗುತ್ತದೆ. ಆದರೆ ಕಾಲೇಜಿನ ಬಾಗಿಲಲ್ಲೇ ತಾಯಿಯ ಕುಲದ ಹೆಸರಿನಲ್ಲಿ ಚುಚ್ಚುಮಾತು ಕೇಳಿದ ಹುಡುಗಿ, ಆ ಗುರುತನ್ನು ಬೇರುಸಮೇತ ಕಿತ್ತೊಗೆಯಲು ಹೊರಟದ್ದು ಮನುಷ್ಯಸಹಜವಾಗಿಯೂ ತೋರುತ್ತದೆ.

ಈ ಕೊರತೆಯ ಜೊತೆಗೇ ಹೇಳಬೇಕಾದ ಇನ್ನೊಂದು ಮಾತಿದೆ. ಕಾನೂನು ತಂದವರು ಅದರ ಪರಿಣಾಮಕ್ಕೂ ಹೆಗಲು ಕೊಡುವುದು ನಮ್ಮಲ್ಲಿ ಅಪರೂಪ. ಮುತ್ತುಲಕ್ಷ್ಮಿ ಹೆಗಲು ಕೊಟ್ಟರು. ದೇವದಾಸಿ ಮನೆತನಗಳಿಂದ ಹೊರಬಂದ ಹುಡುಗಿಯರು ಆಶ್ರಯ ಕೇಳಿಕೊಂಡು ಅವರ ಬಾಗಿಲಿಗೆ ಬಂದರು. ಅಂಥ ಹಿನ್ನೆಲೆಯ ಮಕ್ಕಳನ್ನು ಸೇರಿಸಿಕೊಳ್ಳಲು ನಗರದ ವಿದ್ಯಾರ್ಥಿನಿಲಯಗಳು ಮುಂದೆ ಬರಲಿಲ್ಲ. ಪದ್ಧತಿಯನ್ನು ಖಂಡಿಸಲು ಎಲ್ಲರೂ ಸಿದ್ಧ, ಅದರಿಂದ ಬಿಡಿಸಿಕೊಂಡು ಬಂದವಳನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳಲು ಯಾರೂ ಸಿದ್ಧರಿಲ್ಲ. ಮುತ್ತುಲಕ್ಷ್ಮಿ ತಮ್ಮ ಮನೆಯಲ್ಲೇ ಆ ಹುಡುಗಿಯರನ್ನು ಇಟ್ಟುಕೊಂಡರು. 1930ರ ಸುಮಾರಿಗೆ ಹೀಗೆ ಹುಟ್ಟಿದ್ದು ತಮಿಳಿನ ಪ್ರಾಚೀನ ಕವಯಿತ್ರಿ ಅವ್ವೈಯಾರ್ ಹೆಸರಿನ ಅವ್ವೈ ಇಲ್ಲಂ. ಮುಂದೆ ಅದು ಅಡ್ಯಾರಿಗೆ ಹೋಗಿ, ಅನಾಥ ಮತ್ತು ನಿರ್ಗತಿಕ ಹೆಣ್ಣುಮಕ್ಕಳ ವಸತಿ ಹಾಗೂ ಶಾಲೆಯಾಗಿ ಬೆಳೆಯಿತು.

ಶಾಸನಸಭೆ ಬಿಟ್ಟ ಮೇಲೂ ಅವರು ಸಾರ್ವಜನಿಕ ಕೆಲಸ ಬಿಡಲಿಲ್ಲ. ಮಹಿಳಾ ಸಂಘದ ಪತ್ರಿಕೆ ‘ಸ್ತ್ರೀಧರ್ಮ’ವನ್ನು ಸಂಪಾದಿಸಿದರು. 1930ರ ದಶಕದ ಕೊನೆಯಲ್ಲಿ ಮದ್ರಾಸ್ ಕಾರ್ಪೊರೇಷನ್ನಿನ ಆಲ್ಡರ್‌ಮನ್, ಎಂದರೆ ನಗರಸಭೆಯ ಹಿರಿಯ ಸದಸ್ಯ ಸ್ಥಾನಕ್ಕೆ ಬಂದ ಮೊದಲ ಮಹಿಳೆಯಾದರು. ಮದ್ರಾಸು ತನ್ನ ಮೊದಲ ಮಹಿಳಾ ಮೇಯರ್ ತಾರಾ ಚೆರಿಯನ್ ಅವರನ್ನು ಕಾಣುವುದು 1956ರಲ್ಲಿ. ಆ ದಾರಿಯ ಮುಳ್ಳನ್ನು ಮೊದಲು ತುಳಿದವರು ಮುತ್ತುಲಕ್ಷ್ಮಿ.

ಅವರ ಕೊನೆಯ ದೊಡ್ಡ ಕೆಲಸದ ಬೀಜ ಮನೆಯ ಸಾವೊಂದರಲ್ಲಿತ್ತು. 1920ರ ದಶಕದಲ್ಲಿ ಅವರ ತಂಗಿ ಕ್ಯಾನ್ಸರಿನಿಂದ ನರಳಿ ತೀರಿಕೊಂಡರು. ಸ್ವತಃ ವೈದ್ಯೆಯಾಗಿದ್ದೂ ಏನನ್ನೂ ಮಾಡಲಾಗದ ಆ ನೋವು ಅವರನ್ನು ಬಿಡಲಿಲ್ಲ. 1935ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಶತಮಾನೋತ್ಸವದಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಅಗತ್ಯವನ್ನು ಅವರು ಮುಂದಿಟ್ಟರು. ಕ್ಯಾನ್ಸರ್ ಬಂದವರು ಹೇಗೂ ಉಳಿಯುವುದಿಲ್ಲ, ಅವರಿಗಾಗಿ ಹಣ ಸುರಿದು ಪ್ರಯೋಜನವೇನು ಎಂಬ ಭಾವ ಆಡಳಿತದಲ್ಲಿ ಗಟ್ಟಿಯಾಗಿ ಬೇರೂರಿದ್ದ ಕಾಲ ಅದು. ಮಹಿಳಾ ಸಂಘದ ಮೂಲಕ ಅವರು ನಿಧಿ ಸಂಗ್ರಹಕ್ಕೆ ಇಳಿದರು. 1952ರಲ್ಲಿ ನೆಹರೂ ಅಡ್ಯಾರಿನಲ್ಲಿ ಶಂಕುಸ್ಥಾಪನೆ ಮಾಡಿದರು. 1954ರಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ಬಾಗಿಲು ತೆರೆಯಿತು. ಆಗ ಮುತ್ತುಲಕ್ಷ್ಮಿಯವರಿಗೆ ಅರವತ್ತೇಳು ವರ್ಷ. ಮಗ ಡಾ. ಕೃಷ್ಣಮೂರ್ತಿ ಅದನ್ನು ಕಟ್ಟಿ ಬೆಳೆಸಿದರು. 1955ರಲ್ಲಿ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕೇ ಬದುಕನ್ನು ಸವೆಸಿದರು. ಬಡವರಿಗೆ ಉಚಿತವಾಗಿ ಇಲ್ಲವೇ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಕೊಡುವ ದೊಡ್ಡ ಸಂಸ್ಥೆಯಾಗಿ ಆ ಆಸ್ಪತ್ರೆ ಬೆಳೆದು ನಿಂತಿತು. ದಕ್ಷಿಣದ ಎಲ್ಲ ರಾಜ್ಯಗಳ ರೋಗಿಗಳೂ ಅದರ ನೆರಳಿಗೆ ಬಂದರು.

1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಬಂತು. 1968ರ ಜುಲೈ 22ರಂದು ಅವರು ತೀರಿಕೊಂಡರು.

ಅವರ ಬದುಕಿನಿಂದ ನಮಗೆ ಸಿಗುವ ಪಾಠ ಎರಡು ಬಗೆಯದು. ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಮೀಸಲಾತಿ ಕೊಡುವುದರಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು. 1987ರ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ ಚುನಾವಣೆಗಳಲ್ಲೇ ಇಲ್ಲಿ ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಗಳು ಆ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿದವು. ಹೀಗೆ ಬಂದವರನ್ನು ಕೊಟ್ಟ ಸ್ಥಾನದಲ್ಲಿ ಕೂತವರೆಂದು ಲೇವಡಿ ಮಾಡುವವರು ಇಂದಿಗೂ ಇದ್ದಾರೆ. ಗಂಡನೇ ಅಧಿಕಾರ ನಡೆಸುತ್ತಾನೆ ಎಂಬ ದೂರು ಅನೇಕ ಕಡೆ ನಿಜವೂ ಹೌದು. ಅವರಿಗೆ ಮುತ್ತುಲಕ್ಷ್ಮಿಯವರ ಉದಾಹರಣೆ ಸಾಕು. ಸ್ಥಾನ ಯಾವ ಬಾಗಿಲಿನಿಂದ ಬಂತೆಂಬುದನ್ನು ಜನ ಬೇಗ ಮರೆಯುತ್ತಾರೆ. ಆ ಸ್ಥಾನದಲ್ಲಿ ಕೂತವಳು ಶಾಲೆಗೆ, ಆಸ್ಪತ್ರೆಗೆ, ಹೊಲದ ಪಹಣಿಗೆ ಏನು ಮಾಡಿದಳೆಂಬುದು ಉಳಿಯುತ್ತದೆ.

ಎರಡನೆಯ ಪಾಠ ಕಹಿಯಾದದ್ದು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕವೂ 1982ರಲ್ಲಿ ಕಾಯಿದೆ ತಂದಿತು. ಆ ನಂತರವೂ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ, ಹೆಚ್ಚಾಗಿ ದಲಿತ ಕುಟುಂಬಗಳಲ್ಲಿ, ಕದ್ದುಮುಚ್ಚಿ ಮುತ್ತು ಕಟ್ಟುವುದು ನಿಲ್ಲಲಿಲ್ಲ. ಮಾಜಿ ದೇವದಾಸಿಯರು ತಾವೇ ಸಂಘಟಿತರಾಗಿ ಪಿಂಚಣಿ, ಭೂಮಿ, ಮಕ್ಕಳ ಶಿಕ್ಷಣ ಕೇಳಲು ಬೀದಿಗಿಳಿದ ಮೇಲೆಯೇ ಅವರ ಮಾತು ಸರ್ಕಾರದ ಕಡತಗಳನ್ನು ತಲುಪತೊಡಗಿದ್ದು. ಮುತ್ತುಲಕ್ಷ್ಮಿ 1929ರಲ್ಲಿ ಕಂಡುಕೊಂಡ ಸತ್ಯವೇ ಅವರ ಬೇಡಿಕೆಯಲ್ಲೂ ಇದೆ: ಬದುಕಲು ನೆಲವಿಲ್ಲದೆ ಬಿಡುಗಡೆಗೆ ಅರ್ಥವಿಲ್ಲ. ನಾಗರತ್ನಮ್ಮನವರು ಎತ್ತಿದ ಪ್ರಶ್ನೆಯೂ ಅದರಲ್ಲಿದೆ: ನಮ್ಮ ಬಗ್ಗೆ ತೀರ್ಮಾನಿಸುವ ಮೊದಲು ನಮ್ಮನ್ನು ಕೇಳಿದಿರಾ? ಮದ್ರಾಸಿನಲ್ಲಿ ಎದುರುಬದುರಾಗಿ ನಿಂತಿದ್ದ ಆ ಇಬ್ಬರು ಮಹಿಳೆಯರ ಮಾತುಗಳನ್ನು ಒಟ್ಟಿಗೆ ಕೇಳಿಸಿಕೊಳ್ಳುವ ಅವಕಾಶ ಅಂದಿನ ಸದನಕ್ಕಿತ್ತು, ಅದು ಕೈತಪ್ಪಿತು. ಇಂದು ಕಾನೂನು ಬರೆಯುವವರಿಗೆ ಆ ಅವಕಾಶ ಇನ್ನೂ ತೆರೆದೇ ಇದೆ.